ಎರೆಮಣ್ಣಿನ ಮೇಲಿನ ಮನೆ: ಗೋಡೆ ಬಿರುಕಿಗೆ ಬೋರ್‌ವೆಲ್ ಕಾರಣವೇ?

ಸೇಡಂ ರಸ್ತೆ ನಿವಾಸಿ, ಕಲಬುರಗಿ:
ಹನ್ನೊಂದು ವರ್ಷಗಳ ಹಿಂದೆ ಕಟ್ಟಿಸಿದ ನಮ್ಮ ಮನೆಯ ಹಿತ್ತಲ ಗೋಡೆಯಲ್ಲಿ, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿದೆ. ಏಪ್ರಿಲ್‌ನಲ್ಲಿ ಅದರೊಳಗೆ ರೂಪಾಯಿ ನಾಣ್ಯ ಸಲೀಸಾಗಿ ಇಳಿಯುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಅಂಚೆ ಕಾರ್ಡಿನ ಅಂಚೂ ಹೋಗುತ್ತಿರಲಿಲ್ಲ. ಅಮೆರಿಕದ ವಿಜ್ಞಾನಿ ಜೋಸೆಫ್ ಪೋಲಂಡ್ ಅವರು ಕ್ಯಾಲಿಫೋರ್ನಿಯಾದ ಕಣಿವೆಯೊಂದರಲ್ಲಿ, ಹಿಂದಿನ ನೆಲಮಟ್ಟಗಳನ್ನು ಗುರುತಿಸಿದ ಕಂಬವೊಂದರ ಬಳಿ ನಿಂತ ಚಿತ್ರವನ್ನು ಈಚೆಗೆ ನೋಡಿದೆ. ಅಂತರ್ಜಲ ಎತ್ತಿದ್ದರಿಂದ 1925ರಿಂದ 1977ರವರೆಗೆ ಅಲ್ಲಿ ನೆಲ ಸುಮಾರು 9 ಮೀಟರ್ ಕುಸಿದಿತ್ತಂತೆ. ನಮ್ಮ ಬಡಾವಣೆಯಲ್ಲಿಯೂ ಮನೆಗೊಂದು ಬೋರ್‌ವೆಲ್ ಇದೆ. ನಮ್ಮ ನೆಲವೂ ಹಾಗೆಯೇ ಕುಸಿಯುತ್ತಿರಬಹುದೇ? ತಿಳಿದವರು ದಯವಿಟ್ಟು ಹೇಳಬೇಕು.

ಮಣ್ಣು ಪರೀಕ್ಷೆ ಕಲಿಸುವವ, ಕಲಬುರಗಿ:
ಸರ್, ಆ ನಾಣ್ಯದ ವಿವರದಲ್ಲಿಯೇ ನಿಮ್ಮ ಪ್ರಶ್ನೆಗೆ ಉತ್ತರವಿದೆ. ಕ್ಯಾಲಿಫೋರ್ನಿಯಾದ ಆ ಕಣಿವೆಯಲ್ಲಿ ನೂರಾರು ಮೀಟರ್ ಆಳದವರೆಗೆ ಮರಳು ಮತ್ತು ಜೇಡಿಯ ಪದರಗಳಿವೆ. ಮಣ್ಣಿನ ಭಾರದ ಒಂದು ಪಾಲನ್ನು ಕಣಗಳ ನಡುವಿನ ನೀರಿನ ಒತ್ತಡ ಹೊತ್ತಿರುತ್ತದೆ. ನೀರನ್ನು ಎತ್ತಿದಾಗ ಆ ಪಾಲೂ ಕಣಗಳ ಮೇಲೆಯೇ ಬಿದ್ದು ಜೇಡಿ ಅಮುಕಿಕೊಳ್ಳುತ್ತದೆ ಎಂಬ ತತ್ವವನ್ನು ಇಂಜಿನಿಯರ್ ಕಾರ್ಲ್ ಟೆರ್ಜಾಗಿ 1920ರ ದಶಕದಲ್ಲಿ ರೂಪಿಸಿದ್ದರು. ಹಾಗೆ ಅಮುಕಿದ ಜೇಡಿ ಮಳೆ ಬಂದರೂ ಹೆಚ್ಚಿನಂಶ ಮೊದಲಿನ ಸ್ಥಿತಿಗೆ ಮರಳುವುದಿಲ್ಲ. ಅಲ್ಲದೆ ಇಡೀ ಸೀಮೆಯೇ ಒಟ್ಟಿಗೆ ತಗ್ಗುತ್ತದೆ.

ಕಲಬುರಗಿಯಲ್ಲಿ ಎರೆಮಣ್ಣಿನ ಕೆಳಗೆ ಕೆಲವೇ ಮೀಟರ್‌ಗಳಲ್ಲಿ ಮೊರಂ, ಅಂದರೆ ಬಂಡೆ ಶಿಥಿಲವಾಗಿ ಆದ ಗರಸು ಮಣ್ಣು, ಸಿಗುತ್ತದೆ, ಅದರ ಕೆಳಗೆ ಕರಿಗಲ್ಲು. ನಮ್ಮ ಬೋರ್‌ವೆಲ್‌ಗಳು ನೀರನ್ನು ಎತ್ತುವುದು ಬಂಡೆಯ ಬಿರುಕುಗಳಿಂದ. ನೀರು ಖಾಲಿಯಾದರೂ ಬಂಡೆ ಹಾಗೆ ಅಮುಕುವುದಿಲ್ಲ. ಬೇಸಿಗೆಯಲ್ಲಿ ಬಾಯಿಬಿಟ್ಟು ಮಳೆಗಾಲದಲ್ಲಿ ಮುಚ್ಚಿಕೊಳ್ಳುವ ಬಿರುಕು ಎರೆಮಣ್ಣು ಕುಗ್ಗಿ ಹಿಗ್ಗುವುದರ ಗುರುತು. ಇದಕ್ಕೆ ಮುಖ್ಯ ಕಾರಣ ಮಾಂಟ್‌ಮೊರಿಲೊನೈಟ್ ಎಂಬ ಖನಿಜ. ಅದು ತನ್ನ ಪದರಗಳ ನಡುವೆ ನೀರನ್ನು ಎಳೆದುಕೊಂಡು ಉಬ್ಬುತ್ತದೆ.

ಕಾಲುವೆ ಕೆಲಸದಿಂದ ನಿವೃತ್ತನಾದವ, ಶಹಾಪುರ:
ಮೇಲಿನ ಮಾತು ಸರಿಯಾಗಿದೆ. ಇದಕ್ಕೆ ಮುಂಬಯಿ ಐಐಟಿಯಲ್ಲಿ ಆರ್. ಕೆ. ಕಟ್ಟಿ ಅವರು ನಡೆಸಿದ ಸಂಶೋಧನೆಯನ್ನು ಸೇರಿಸಲೇಬೇಕು, ಏಕೆಂದರೆ ಎರೆಭೂಮಿಯ ಕಾಲುವೆಗಳಲ್ಲಿ ಕೆಲಸ ಮಾಡಿದ ನನ್ನಂಥವರಿಗೆ ಅದರ ಬೆಲೆ ಗೊತ್ತು. ಎರೆಮಣ್ಣಿನಲ್ಲಿ ಮೇಲಿನ ಸುಮಾರು ಒಂದು ಮೀಟರ್ ಹೆಚ್ಚು ಅಲುಗಾಡುತ್ತದೆ. ಅದರ ಕೆಳಗಿನ ಮಣ್ಣು, ಮೇಲಿನ ಭಾರಕ್ಕಿಂತ ಅದರ ಉಬ್ಬುವ ಒತ್ತಡವೇ ಹೆಚ್ಚಿದ್ದರೂ, ಬಹುಮಟ್ಟಿಗೆ ಸುಮ್ಮನಿರುತ್ತದೆ. ಮೇಲಿನ ಪದರದಲ್ಲಿ ಹುಟ್ಟುವ ಅಂಟುಬಲವೇ ಕೆಳಗಿನದನ್ನು ಹಿಡಿದಿಡುತ್ತದೆ ಎಂದು ಅವರು ಕಂಡುಕೊಂಡರು. ಹಾಗಾದರೆ ಆ ಮೇಲಿನ ಪದರವನ್ನೇ ತೆಗೆದು, ಅಂಟು ಇದ್ದೂ ಉಬ್ಬದ ಮಣ್ಣನ್ನು ಹಾಕಿ ಒತ್ತಿದರೆ ಸಾಕಲ್ಲವೇ ಎಂಬುದು ಅವರ ಪರಿಹಾರ. ಇದನ್ನೇ ಸಿಎನ್ಎಸ್ (ಕೊಹೆಸಿವ್ ನಾನ್-ಸ್ವೆಲಿಂಗ್) ಪದರ ಎನ್ನುತ್ತೇವೆ. ಒಳ್ಳೆಯ ಮೊರಂ ಅನೇಕ ಕಡೆ ಇದಕ್ಕೆ ಒದಗುತ್ತದೆ, ಆದರೆ ಪರೀಕ್ಷೆ ಮಾಡಿಸದೆ ಹಾಕಬಾರದು. ಬುನಾದಿಯ ಕೆಳಗೆ ಬರೀ ಮರಳು ತುಂಬುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ: ಮರಳಿಗೆ ಅಂಟಿಲ್ಲ, ಮೇಲಾಗಿ ಅದು ನೀರನ್ನು ನೇರವಾಗಿ ಎರೆಗೆ ಇಳಿಸುತ್ತದೆ.

ಸೇಡಂ ರಸ್ತೆ ನಿವಾಸಿ, ಕಲಬುರಗಿ:
ಇಬ್ಬರಿಗೂ ವಂದನೆಗಳು. ಕಟ್ಟಿದ ಮನೆಯ ಕೆಳಗಿನ ಮಣ್ಣನ್ನು ಈಗ ಬದಲಿಸಲಾಗದು. ಆ ಗೋಡೆಯ ಬುಡದಲ್ಲಿಯೇ ಬಚ್ಚಲ ನೀರು ನಿಲ್ಲುತ್ತದೆ, ಎರಡು ಮಾರು ದೂರದಲ್ಲಿ ಬೇವಿನ ಮರವೂ ಇದೆ. ಏನು ಮಾಡಲಿ?

ಮಣ್ಣು ಪರೀಕ್ಷೆ ಕಲಿಸುವವ, ಕಲಬುರಗಿ:
ಮೊದಲು ಬಚ್ಚಲ ನೀರನ್ನು ಪೈಪಿನಲ್ಲಿ ದೂರ ಸಾಗಿಸಿ. ಗೋಡೆಯ ಸುತ್ತ ಒಂದೂವರೆ ಮೀಟರ್ ಅಗಲಕ್ಕೆ ಶಹಾಬಾದ್ ಪರಸಿಯನ್ನು ಹೊರಕ್ಕೆ ಇಳಿಜಾರಾಗಿ ಹಾಸಿ, ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿಸಿ. ಬುಡದ ಮಣ್ಣಿನ ತೇವ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹದದಲ್ಲಿ ಉಳಿಯಬೇಕು. ಬೇವಿನ ಬೇರು ಬೇಸಿಗೆಯಲ್ಲಿ ಆ ತೇವವನ್ನು ಹೀರುತ್ತದೆ, ಆದರೆ ಮರವನ್ನು ಒಮ್ಮೆಲೇ ಕಡಿದರೆ ಒಣಗಿದ ಮಣ್ಣು ಮತ್ತೆ ನೀರು ಕುಡಿದು ಉಬ್ಬೀತು; ಆದ್ದರಿಂದ ಅವಸರ ಮಾಡಬೇಡಿ. ಬಿರುಕಿನ ಎರಡೂ ಬದಿಗೆ ಪೆನ್ಸಿಲಿನಿಂದ ಗುರುತು ಹಾಕಿ, ತಿಂಗಳಿಗೊಮ್ಮೆ ಅಂತರವನ್ನು ಅಳೆದು ತಾರೀಖಿನೊಂದಿಗೆ ಬರೆದಿಡಿ. ಮುಂದೆ ಹೊಸ ಕೋಣೆ ಕಟ್ಟಿಸುವುದಾದರೆ, ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ನೆಲಕ್ಕೆಂದೇ ರೂಪಿಸಿದ, ಬುಡದಲ್ಲಿ ಗಡ್ಡೆಯಂತೆ ಅಗಲವಾದ ಪೈಲ್‌ಗಳ (ನೆಲದಾಳಕ್ಕೆ ಇಳಿಸುವ ಬುನಾದಿ ಕಂಬಗಳ) ಬಗ್ಗೆ ನಿಮ್ಮ ಇಂಜಿನಿಯರರನ್ನು ಕೇಳಿ. ಒಂದು ವರ್ಷದ ಅಳತೆ ಕೈಗೆ ಬಂದ ಮೇಲೆ ಇಲ್ಲಿಯೇ ಹಾಕಿರಿ, ನೋಡಿ ಹೇಳುತ್ತೇನೆ.