ನಿವೃತ್ತಿ ಆಯ್ತು, ಓವನ್ ಬಂತು, ಕಾಶಿಗೂ ಹೋಗಬೇಕು, ಮೊಮ್ಮಗಳನ್ನೂ ನೋಡಬೇಕು. ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ಖಜಾನೆ ಅಕ್ಕ, ಮಂಡ್ಯ:

ಎಲ್ಲರಿಗೂ ನಮಸ್ಕಾರ. ಮಂಡ್ಯದ ಜಿಲ್ಲಾ ಖಜಾನೆಯಲ್ಲಿ ಇದ್ದೆ, ಈ ವರ್ಷ ನಿವೃತ್ತಿ ಆಯ್ತು. ಹಾರ, ಶಾಲು, ಒಂದು ದೊಡ್ಡ ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಇನ್ನು ಟೈಮ್ ನೋಡಬೇಕಾಗಿಲ್ಲದವರಿಗೇ ಹುಡುಕಿ ಗಡಿಯಾರ ಕೊಡುತ್ತಾರಲ್ಲ, ಇದೇನು ಪದ್ಧತಿಯೋ ಗೊತ್ತಿಲ್ಲ. ಮಗಳು ಅಳಿಯ ಮಾತ್ರ 30 ಲೀಟರಿನ ಓಟಿಜಿ, ಅಂದರೆ ಕರೆಂಟಿನ ಓವನ್, ತಂದುಕೊಟ್ಟರು. ಸರ್ವಿಸ್‌ನಲ್ಲಿದ್ದಾಗ ಭಾನುವಾರ ಕುಕ್ಕರ್ ತಳಕ್ಕೆ ಉಪ್ಪು ಹರಡಿ, ಗ್ಯಾಸ್ಕೆಟ್ಟು ವಿಷಲ್ಲು ತೆಗೆದಿಟ್ಟು ಕೇಕ್ ಮಾಡುತ್ತಿದ್ದೆ. ಅದರ ರುಚಿ ಅವರಿಗೆ ನೆನಪಿದೆ.

ಈಗ ವಿಷಯಕ್ಕೆ ಬರುತ್ತೇನೆ. ಕೆಲಸ ಬಿಟ್ಟ ಮೇಲೆ ನನ್ನ ಹತ್ತಿರ ಎಷ್ಟು ಸಮಯ ಇದೆ ಅಂತ ನನಗಿಂತ ಬೇರೆಯವರಿಗೇ ಚೆನ್ನಾಗಿ ಗೊತ್ತು. ಯಜಮಾನರಿಗೆ ಮಂಡಿ ಗಟ್ಟಿ ಇರುವಾಗಲೇ ಕಾಶಿ ಆಗಬೇಕು. ಮಗಳಿಗೆ ನಾನು ಬೆಂಗಳೂರಿಗೆ ಬಂದು ಮಗು ಸ್ಕೂಲಿಗೆ ಸೇರುವವರೆಗೆ ಇರಬೇಕು. ಪಕ್ಕದ ಮನೆಯವರು "ಮನೇಲೇ ಸುಮ್ನೆ ಇದ್ದೀರಲ್ಲ" ಅಂತ ಕೊರಿಯರ್, ಗ್ಯಾಸ್ ಸಿಲಿಂಡರ್, ಎಲ್ಲಾ ನಮ್ಮ ಮನೆಗೇ ಕಳಿಸುತ್ತಾರೆ. ನನಗೆ ಬೇಕಾಗಿರೋದು ಎರಡೇ. ಬೇಕಿಂಗ್ ಸರಿಯಾಗಿ ಕಲಿಯಬೇಕು. ಇನ್ನೊಂದು, ಮೇಲುಕೋಟೆಯಲ್ಲಿ ಚೆಲುವನಾರಾಯಣ ಸ್ವಾಮಿಗೆ ವೈರಮುಡಿ ಕಿರೀಟ ಇಡುವ ಉತ್ಸವ ನೋಡಬೇಕು. ನಗಬೇಡಿ. ಆ ಕಿರೀಟ ವರ್ಷವಿಡೀ ಇರುವುದೇ ನಮ್ಮ ಖಜಾನೆಯಲ್ಲಿ, ಉತ್ಸವದ ದಿನ ಪೂಜೆ ಮಾಡಿಸಿಕೊಂಡು ಪೊಲೀಸ್ ಕಾವಲಲ್ಲಿ ಮೇಲುಕೋಟೆಗೆ ಹೊರಡುತ್ತದೆ. ಆದರೆ ಉತ್ಸವ ಬರುವುದು ಫಾಲ್ಗುಣದಲ್ಲಿ, ಅಂದರೆ ಸರಿಯಾಗಿ ಮಾರ್ಚ್, ಏಪ್ರಿಲ್ ಹೊತ್ತಿಗೆ. ಖಜಾನೆಯವರಿಗೆ ಮಾರ್ಚ್ ಅಂದರೆ ಏನು ಅಂತ ಸರ್ಕಾರಿ ನೌಕರರಿಗೆ ಹೇಳಬೇಕಾಗಿಲ್ಲ. ಎಲ್ಲಾ ಇಲಾಖೆಯವರೂ 31ನೇ ತಾರೀಖಿನೊಳಗೆ ಬಿಲ್ಲು ಪಾಸಾಗಲಿ ಅಂತ ಬಾಗಿಲಲ್ಲೇ ನಿಂತಿರುತ್ತಾರೆ. ಪೆಟ್ಟಿಗೆ ಹೊರಡುವುದನ್ನು ಕಂಡು ಕೈಮುಗಿದು ಮತ್ತೆ ಕಂಪ್ಯೂಟರ್ ಮುಂದೆ ಕೂತವಳು ನಾನು. ಅದು ಸ್ವಾಮಿಯ ತಲೆ ಮೇಲೆ ಇರುವುದನ್ನು ನೋಡಿಯೇ ಇಲ್ಲ.

ಅತ್ತೆ ಜೊತೆಯಲ್ಲೇ ಇದ್ದಾರೆ, ಮನೆಯೊಳಗೆ ಮೊಟ್ಟೆ ಬರುವ ಹಾಗಿಲ್ಲ. ಮೊಟ್ಟೆ ಇಲ್ಲದೆ ಏನೇನು ಆಗುತ್ತದೆ? ಮತ್ತೆ, ನೀವೆಲ್ಲ ವಾರ ಹೇಗೆ ಹಂಚಿಕೊಂಡಿದ್ದೀರಿ? ನಿಜ ಹೇಳಿ, ಉಪದೇಶ ಬೇಡ.

ಖಾರ ಬನ್ ರಾಯರು, ಸರಸ್ವತಿಪುರಂ:

ಮೇಡಂ, ಮೊದಲು ಪ್ಲಗ್ ನೋಡಿ. ಆ ಸೈಜಿನ ಓಟಿಜಿ 1500 ವ್ಯಾಟ್ ಆಸುಪಾಸು ಇರುತ್ತದೆ. ಮಿಕ್ಸಿ ಹಾಕುವ 6 ಆಂಪಿಯರ್ ಪಾಯಿಂಟಿಗೆ ಅದು ಜಾಸ್ತಿ ಆಯ್ತು, ಗೀಸರ್‌ಗೆ ಇರುವಂಥ 16 ಆಂಪಿಯರ್ ಪಾಯಿಂಟೇ ಬೇಕು. ಹಳೇ ಮನೆ ಆದರೆ ಎಲೆಕ್ಟ್ರಿಷಿಯನ್ ಕರೆಸಿ. ಗೃಹಜ್ಯೋತಿ ತಗೊಂಡಿದ್ದರೆ ಅದೂ ಲೆಕ್ಕದಲ್ಲಿ ಇರಲಿ. ನಿಮ್ಮ ಮನೆಗೆ ನಿಗದಿಯಾದ ಯೂನಿಟ್ ದಾಟಿದರೆ ದಾಟಿದ್ದಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. ಒಂದು ಗಂಟೆ ಓವನ್ ಉರಿದರೆ ಒಂದೂವರೆ ಯೂನಿಟ್ ಒಳಗೇ ಆಗುತ್ತದೆ, ಹೆದರಬೇಡಿ. ಆದರೆ ಒಂದು ತಟ್ಟೆ ಬಿಸ್ಕತ್ತಿಗೆ ಓವನ್ ಕಾಯಿಸಬೇಡಿ. ಕಾದಾಗ ಬಿಸ್ಕತ್ತು, ಬನ್ನು, ಒಂದರ ಹಿಂದೆ ಒಂದು ಇಟ್ಟು ತೆಗೆಯಿರಿ.

ಎರಡನೇದು, ಡಯಲ್ ನಂಬಬೇಡಿ. 180ಕ್ಕೆ ತಿರುಗಿಸಿದರೆ ಒಳಗೆ 160 ಇರಬಹುದು, 200 ಇರಬಹುದು. ಒಂದು ಓವನ್ ಥರ್ಮಾಮೀಟರ್ ತಂದು ಒಳಗೆ ತೂಗುಹಾಕಿ. ಪಾಕವಿಧಾನ ಸರಿ ಇಲ್ಲ ಅಂತ ಬೈಯುವವರಲ್ಲಿ ಅರ್ಧ ಜನರ ತೊಂದರೆ ಇದೇ.

ಮೊಟ್ಟೆ ಇಲ್ಲದ್ದಕ್ಕೆ ಚಿಂತೆ ಯಾಕೆ? ನಮ್ಮ ಅಯ್ಯಂಗಾರ್ ಬೇಕರಿಗಳು ಬೆಳೆದು ಬಂದಿದ್ದೇ ಮೊಟ್ಟೆ ಇಲ್ಲದೆ. ಕೇಕಿಗೆ ಒಂದು ಕಪ್ ಮೊಸರು, ಅರ್ಧ ಟೀ ಚಮಚ ಅಡುಗೆ ಸೋಡಾ, ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಒಂದೂವರೆ ಕಪ್ ಮೈದಾ, ಮುಕ್ಕಾಲು ಕಪ್ ಸಕ್ಕರೆ, ಅರ್ಧ ಕಪ್ ಎಣ್ಣೆ. ಮೊಸರಿನ ಹುಳಿಗೆ ಸೋಡಾ ಸೇರಿದ ತಕ್ಷಣ ನೊರೆ ಏಳುತ್ತದೆ. ಆ ಗ್ಯಾಸೇ ಕೇಕನ್ನು ಮೇಲೆತ್ತುವುದು. ಹಿಟ್ಟು ಕಲಸಿಟ್ಟು ದೇವರ ಮನೆಗೆ ಹೋಗಿ ಸಹಸ್ರನಾಮ ಮುಗಿಸಿ ಬಂದರೆ ಗ್ಯಾಸೆಲ್ಲಾ ಹೋಗಿರುತ್ತದೆ. ಪೂಜೆ ಮೊದಲು ಮುಗಿಸಿ, ಓವನ್ ಕಾಯಲು ಬಿಡಿ, ಆಮೇಲೆ ಕಲಸಿ.

ಆದರೆ ಕೇಕ್ ಬೇಗ ಬೇಜಾರಾಗುತ್ತದೆ. ನಾನು ಹೇಳೋದು ಖಾರ ಬನ್ ಕಲಿಯಿರಿ. 250 ಗ್ರಾಂ ಮೈದಾ, ಒಂದು ಟೀ ಚಮಚ ಇನ್‌ಸ್ಟಂಟ್ ಈಸ್ಟ್, ಒಂದು ಟೀ ಚಮಚ ಉಪ್ಪು, ಎರಡು ಟೀ ಚಮಚ ಸಕ್ಕರೆ, 150 ಎಂಎಲ್ ಉಗುರುಬೆಚ್ಚಗಿನ ಹಾಲು. ಹತ್ತು ನಿಮಿಷ ನಾದಿ, ಕೊನೆಗೆ ಬೆಣ್ಣೆ ಸೇರಿಸಿ ಮತ್ತೆ ನಾದಿ. ಎಲ್ಲರೂ ಎಡವುವುದು ಈರುಳ್ಳಿಯಲ್ಲಿ. ಹಸಿ ಈರುಳ್ಳಿಯನ್ನು ಉಪ್ಪಿರುವ ಹಿಟ್ಟಿಗೆ ಮೊದಲೇ ಹಾಕಿದರೆ ಅದು ನೀರು ಬಿಟ್ಟು ಹಿಟ್ಟು ಕೈಗೆ ಅಂಟುತ್ತದೆ, ಆಗ ಇನ್ನಷ್ಟು ಮೈದಾ ಸುರಿಯುತ್ತಾರೆ, ಬನ್ನು ಕಲ್ಲಾಗುತ್ತದೆ. ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವನ್ನು ಬೆಣ್ಣೆಯಲ್ಲಿ ಸ್ವಲ್ಪ ಬಾಡಿಸಿ, ಆರಿಸಿ, ಹಿಟ್ಟು ಒಂದು ಸಲ ಉಬ್ಬಿದ ಮೇಲೆ ಸೇರಿಸಿ. ಸಬ್ಬಸಿಗೆ ಸೊಪ್ಪು ಸಿಕ್ಕರೆ ಬಿಡಬೇಡಿ. ಉಂಡೆ ಮಾಡಿ, ಮತ್ತೆ ಉಬ್ಬಲು ಬಿಟ್ಟು, ಮೇಲೆ ಹಾಲು ಸವರಿ 190ರಲ್ಲಿ ಇಪ್ಪತ್ತು ನಿಮಿಷ. ಡಿಸೆಂಬರ್ ಚಳಿಯಲ್ಲಿ ಹಿಟ್ಟು ಸೋಮಾರಿ ಆಗುತ್ತದೆ, ಉಬ್ಬಲು ದುಪ್ಪಟ್ಟು ಹೊತ್ತು ಬೇಕು. ಗಡಿಯಾರ ನೋಡಬೇಡಿ, ಹಿಟ್ಟು ನೋಡಿ.

ವಾರದ ಹಂಚಿಕೆ ಕೇಳಿದಿರಿ. ನಮ್ಮ ಮನೆಯಲ್ಲಿ ಬುಧವಾರ, ಶನಿವಾರ ಬೇಕಿಂಗ್, ಆ ಎರಡು ದಿನ ನನಗೆ ಯಾರೂ ಬ್ಯಾಂಕಿಗೆ ಹೋಗಿ ಬನ್ನಿ ಅನ್ನುವ ಹಾಗಿಲ್ಲ. ಮಾಡಿದ್ದನ್ನು ಹಂಚುತ್ತೇನೆ, ಮಾರುವುದಿಲ್ಲ. ಪರಿಚಯದವರು "ಆರ್ಡರ್ ತಗೊಳ್ಳಿ ಸಾರ್" ಅಂತ ಹತ್ತಿಸುತ್ತಾರೆ. ಮಾರುವುದಾದರೆ ಆಹಾರ ಸುರಕ್ಷತೆಯವರ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು, ಅದು ದೊಡ್ಡ ವಿಷಯ ಅಲ್ಲ. ಆದರೆ ಆರ್ಡರ್ ಅಂದ ಮೇಲೆ ಮತ್ತೆ ಆಫೀಸೇ ಅಲ್ವಾ?

ಕಿಟಕಿ ಸೀಟು:

ರಾಯರು ಬನ್ನಿನ ಮೇಲೆ ಗ್ರಂಥ ಬರೆದರು, ನಾನು ಪ್ರಯಾಣದ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಿಮ್ಮ ಯಜಮಾನರು ಹೇಳೋದೇ ಸರಿ. ಬೇಕಿಂಗ್ ಎಪ್ಪತ್ತೈದಕ್ಕೂ ಆಗುತ್ತದೆ, ಕಾಶಿಯ ಘಾಟ್ ಮೆಟ್ಟಿಲು ಆಗುವುದಿಲ್ಲ.

ಮೈಸೂರಿನಿಂದಲೇ ವಾರಣಾಸಿಗೆ ನೇರ ರೈಲಿದೆ. ಈಗ ಬುಕಿಂಗ್ 60 ದಿನ ಮುಂಚೆ ಮಾತ್ರ ತೆರೆಯುತ್ತದೆ, 2024ರ ನವೆಂಬರ್‌ನಿಂದ ಹಾಗೆ. ಹಿರಿಯರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಲ್ಲಿಸಿದರು. ಉಳಿದಿರುವುದು ಕೆಳಗಿನ ಬರ್ತ್ ಕೋಟಾ ಒಂದೇ. ಒಂದು ಟಿಕೆಟ್ಟಿನಲ್ಲಿ ನೀವಿಬ್ಬರು ಮಾತ್ರ ಇದ್ದರೆ ಅದು ಅನ್ವಯ. ನಾದಿನಿ, ಭಾವ ಅಂತ ನಾಲ್ಕು ಜನರನ್ನು ಒಂದೇ ಟಿಕೆಟ್ಟಿಗೆ ಸೇರಿಸಿದರೆ ಕೋಟಾ ಹೋಯ್ತು, ಬೇರೆ ಬೇರೆ ಮಾಡಿಸಿ. ಎಲ್ಲಾ ಜವಾಬ್ದಾರಿ ಬೇರೆಯವರ ಮೇಲೆ ಹಾಕುವುದಾದರೆ ಮುಜರಾಯಿ ಇಲಾಖೆಯ ಭಾರತ್ ಗೌರವ್ ಕಾಶಿ ಯಾತ್ರೆ ರೈಲಿದೆ, 2022ರಲ್ಲಿ ಶುರುವಾಗಿದ್ದು, ಸರ್ಕಾರದ ಸಹಾಯಧನ ಇರುತ್ತದೆ. ಗುಂಪಿನಲ್ಲಿ ಹೋಗುವುದು ನನಗಂತೂ ಆಗಲ್ಲ. ಇನ್ನೊಬ್ಬರು ಕರೆದಾಗ ಹತ್ತಿ, ಇಳಿ ಅಂದಾಗ ಇಳಿಯುವುದಕ್ಕೆ ನಿವೃತ್ತಿ ಯಾಕೆ? ಮೇ, ಜೂನ್ ಬಿಸಿಲು ಬೇಡ, ಡಿಸೆಂಬರ್ ಕೊನೆ, ಜನವರಿ ಮಂಜಿಗೆ ರೈಲುಗಳು ಗಂಟೆಗಟ್ಟಲೆ ತಡ. ಅಕ್ಟೋಬರ್, ನವೆಂಬರ್ ಅಥವಾ ಫೆಬ್ರವರಿ ನೋಡಿ.

ನವೆಂಬರ್ ಬೆಳಿಗ್ಗೆ ದೋಣಿಯಲ್ಲಿ ಕೂತರೆ ತಣ್ಣಗಿರುತ್ತದೆ, ಶಾಲು ಬೇಕಾಗುತ್ತದೆ. ಆಫೀಸಿನವರು ಕೊಟ್ಟಿದ್ದಾರಲ್ಲ.

ಬನ್ನಿಮಂಟಪದ ಅಂಕಲ್:

ಅಕ್ಕ, ನಮ್ಮದು ಕ್ರೈಸ್ತರ ಮನೆ, ಹಾಗಾಗಿ ಮೊಟ್ಟೆ ವಿಷಯದಲ್ಲಿ ನಾನು ಏನೂ ಹೇಳಲ್ಲ. ಒಂದು ಮಾತ್ರ. ಅಕ್ಟೋಬರ್‌ನಲ್ಲಿ ಕ್ರಿಸ್‌ಮಸ್ ಕೇಕಿಗೆ ಒಣದ್ರಾಕ್ಷಿ, ಖರ್ಜೂರ, ಚೆರ್ರಿ, ಕಿತ್ತಳೆ ಸಿಪ್ಪೆ ಹೆಚ್ಚುವ ದಿನ ನಮ್ಮ ಮಕ್ಕಳು ಮೊಮ್ಮಕ್ಕಳೆಲ್ಲ ಬರುತ್ತಾರೆ. ಕ್ರಿಸ್‌ಮಸ್‌ಗೆ ಬರದೇ ಇದ್ದರೂ ಆ ದಿನ ತಪ್ಪಿಸುವುದಿಲ್ಲ. ಚಿಕ್ಕವರಿಗೆ ಚಾಕು ಕೊಡಲ್ಲ, ಖರ್ಜೂರದ ಬೀಜ ತೆಗೆಯುವ ಕೆಲಸ. ಅರ್ಧ ಬಾಯಿಗೇ ಹೋಗುತ್ತದೆ. ರಮ್ ಹಾಕಲೇಬೇಕು ಅಂತೇನೂ ಇಲ್ಲ, ದ್ರಾಕ್ಷಿ ರಸ ಅಥವಾ ಕಿತ್ತಳೆ ರಸದಲ್ಲೂ ನೆನೆಸಬಹುದು. ಆದರೆ ರಸದಲ್ಲಿ ನೆನೆಸಿದ್ದು ವಾರಗಟ್ಟಲೆ ಹೊರಗೆ ಇರಲ್ಲ. ಫ್ರಿಜ್‌ನಲ್ಲಿಟ್ಟು ಕೆಲವೇ ದಿನದಲ್ಲಿ ಮುಗಿಸಿ.

ಕೆಲಸದಲ್ಲಿದ್ದಾಗ ಭಾನುವಾರದ ಪೂಜೆಗೆ ಕೊನೇ ಬೆಂಚಿಗೆ ಓಡಿ ಬರುತ್ತಿದ್ದೆ. ಈಗ ಸೇಂಟ್ ಫಿಲೋಮಿನಾ ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿದ ಮೇಲೂ ಸ್ವಲ್ಪ ಹೊತ್ತು ಕೂತು ಬರುತ್ತೇನೆ. ಮನೆಯಲ್ಲಿ "ಇಷ್ಟು ಹೊತ್ತು ಏನು ಕೇಳಿಕೊಂಡ್ರಿ" ಅನ್ನುತ್ತಾರೆ. ಏನೂ ಕೇಳಿಕೊಳ್ಳಲ್ಲ, ಕೂತಿರುತ್ತೇನೆ ಅಷ್ಟೆ. ವೈರಮುಡಿಗೆ ಖಂಡಿತ ಹೋಗಿ ಬನ್ನಿ.

ಬೆಂಗಳೂರು ಸೇರಿದ ಮೈಸೂರು ಹುಡುಗಿ:

ಆಂಟಿ, ನಾನು ನಿಮ್ಮ ಮಗಳ ಜಾಗದಲ್ಲಿ ಇರುವವಳು. ನಮ್ಮಮ್ಮನೂ ಹೀಗೇ ಇಲ್ಲಿಗೆ ಬಂದರು. ಬೇಡ ಅನ್ನಲಿಲ್ಲ, ಖುಷಿಯಿಂದಲೂ ಬರಲಿಲ್ಲ. ಸಂಜೆ ನಾನು ಆಫೀಸಿನಿಂದ ಬರುವಾಗ ಬಾಲ್ಕನಿಯಲ್ಲಿ ಮೈಸೂರಿನ ಅಕ್ಕಪಕ್ಕದವರ ಹತ್ತಿರ ಫೋನಿನಲ್ಲಿ ಮಾತಾಡುತ್ತಾ ನಿಂತಿರುತ್ತಿದ್ದರು. ಇದನ್ನು ನೋಡಿಕೊಂಡು ಇರುವುದು ಮಗಳಿಗೂ ಕಷ್ಟ. ನೀವು ಬಾಯಿಬಿಟ್ಟು ಹೇಳಿ. ತಿಂಗಳಿಗೆ ಒಂದು ವಾರ ಬರುತ್ತೇನೆ, ಯಾವ ವಾರ ಅಂತ ಮೊದಲೇ ಹೇಳುತ್ತೇನೆ, ಉಳಿದದ್ದಕ್ಕೆ ಡೇ ಕೇರ್ ನೋಡಿಕೊಳ್ಳಿ ಅಂತ. ಮೊದಲು ಸ್ವಲ್ಪ ಮುಖ ಸಣ್ಣ ಆಗಬಹುದು. ಆಗಲಿ ಬಿಡಿ. ಮಗುವನ್ನು ರಜೆಗೆ ಮಂಡ್ಯಕ್ಕೇ ಕಳಿಸಲಿ, ರೈಲಿಗೆ ಎರಡು ಗಂಟೆ ಚಿಲ್ಲರೆ ಅಷ್ಟೇ ತಾನೇ.

ಮತ್ತೆ ಮೇಲುಕೋಟೆಗೆ ಸಾಮಾನ್ಯ ಬಸ್ಸಿನಲ್ಲಿ ಹೋದರೆ ಶಕ್ತಿ ಯೋಜನೆಯಲ್ಲಿ ನಿಮಗೆ ಟಿಕೆಟ್ ಉಚಿತ, ಆಧಾರ್ ಇಟ್ಟುಕೊಳ್ಳಿ. ನಿಮ್ಮ ಯಜಮಾನರು ಮಾತ್ರ ದುಡ್ಡು ಕೊಡಲಿ :)

ಖಜಾನೆ ಅಕ್ಕ, ಮಂಡ್ಯ:

ಎಲ್ಲರಿಗೂ ಥ್ಯಾಂಕ್ಸ್ ಕಣ್ರಪ್ಪ. ಮಗಳಿಗೆ ಈ ಪುಟವನ್ನೇ ಕಳಿಸಿದೆ, "ಆ ಹುಡುಗಿ ಯಾರಮ್ಮ" ಅಂತ ಕೇಳಿದಳು, ಆಮೇಲೆ ಒಪ್ಪಿಕೊಂಡಳು. ಕಾಶಿ ಫೆಬ್ರವರಿಗೆ, ನಾವಿಬ್ಬರೇ. ವೈರಮುಡಿ ಉತ್ಸವ ನಡೆಯುವುದು ರಾತ್ರಿ, ಜನಜಾತ್ರೆ ಬೇರೆ, ಉಳಿದುಕೊಳ್ಳಲು ಈಗಲೇ ಹೇಳಿಡಬೇಕು. ಮೇಲುಕೋಟೆಯಲ್ಲಿ ನೆಂಟರಿದ್ದಾರೆ, ಇಷ್ಟು ವರ್ಷ ಕರೆದರೂ ಹೋಗಲಿಲ್ಲ, ಈಗ ನಾನೇ ಫೋನ್ ಮಾಡಬೇಕು. ಪುಳಿಯೋಗರೆ ಅವರದು, ಬಿಸ್ಕತ್ತು ನಮ್ಮದು.

ರಾಯರೇ, ಖಾರ ಬನ್ ಮಾಡಿದೆ. ಅತ್ತೆ ಎರಡು ತಿಂದು "ಬೇಕರಿಯದಕ್ಕಿಂತ ಖಾರ ಕಮ್ಮಿ" ಅಂದರು. ಅವರ ಬಾಯಿಂದ ಅದು ಹೊಗಳಿಕೆ. ಇನ್ನೊಂದು ಕೇಳಬೇಕು. ಯಜಮಾನರಿಗೆ ಶುಗರ್, ಮೈದಾ ಜಾಸ್ತಿ ಬೇಡ ಅಂದಿದ್ದಾರೆ ಡಾಕ್ಟರು. ಪೂರ್ತಿ ರಾಗಿಯಲ್ಲೇ ಬ್ರೆಡ್ ಆಗುತ್ತದಾ? ಸಿಹಿಗೆ ನಮ್ಮ ಮಂಡ್ಯದ ಬೆಲ್ಲ ಹಾಕಿದರೆ?

ಖಾರ ಬನ್ ರಾಯರು, ಸರಸ್ವತಿಪುರಂ:

ಪೂರ್ತಿ ರಾಗಿಯಲ್ಲಿ ಆಗಲ್ಲ ಮೇಡಂ. ರಾಗಿಯಲ್ಲಿ ಗ್ಲುಟೆನ್ ಇಲ್ಲ, ಈಸ್ಟ್ ಬಿಟ್ಟ ಗ್ಯಾಸನ್ನು ಹಿಡಿದಿಡುವ ಜಿಗುಟೇ ಬರುವುದಿಲ್ಲ. ಮುದ್ದೆಗೆ ಅದೇ ಒಳ್ಳೆಯದು, ಬ್ರೆಡ್ಡಿಗೆ ಅಲ್ಲ. ಒಂದು ಪಾಲು ರಾಗಿ, ಮೂರು ಪಾಲು ಗೋಧಿ ಹಿಟ್ಟು ಹಾಕಿ ಶುರು ಮಾಡಿ. ಗೋಧಿ ಹಿಟ್ಟಿಗೆ ಮೈದಾಗಿಂತ ನೀರು ಜಾಸ್ತಿ ಬೇಕು, ಕಲಸಿ ಅರ್ಧ ಗಂಟೆ ಮುಚ್ಚಿಟ್ಟು ಆಮೇಲೆ ನಾದಿದರೆ ಸುಲಭ. ಬ್ರೆಡ್ಡು ಗಟ್ಟಿಯಾಗೇ ಬರುತ್ತದೆ, ತೆಳ್ಳಗೆ ಕೊಯ್ದು ಕಾಯಿಸಿಕೊಂಡರೆ ಚೆನ್ನಾಗಿರುತ್ತದೆ. ಬೆಲ್ಲ ಹಾಕಿದರೆ ಶುಗರ್‌ಗೆ ಒಳ್ಳೆಯದು ಅನ್ನುವುದು ಸುಳ್ಳು, ಅದೂ ಸಕ್ಕರೆಯೇ. ಯಜಮಾನರ ಬ್ರೆಡ್ಡಿಗೆ ಬೇಡ. ಮೇಲುಕೋಟೆ ಬಿಸ್ಕತ್ತಿಗೆ ಹಾಕಿ, ಆದರೆ ಮೊದಲು ಸ್ವಲ್ಪ ಬಿಸಿನೀರಲ್ಲಿ ಕರಗಿಸಿ ಶೋಧಿಸಿ, ಕಲ್ಲು ಇರುತ್ತದೆ. ಬೆಲ್ಲದ್ದು ಬೇಗ ಕೆಂಪಗಾಗುತ್ತದೆ, 180ರ ಬದಲು 170 ಇಡಿ. ಓವನ್‌ನಿಂದ ತೆಗೆದಾಗ ಬಿಸ್ಕತ್ತು ಮೆತ್ತಗಿರುತ್ತದೆ, ಬೆಂದಿಲ್ಲ ಅಂತ ಮತ್ತೆ ಒಳಗಿಡಬೇಡಿ, ಆರಿದ ಮೇಲೆ ಗರಿಗರಿ ಆಗುತ್ತದೆ.