ಎಸ್‌ಕ್ಯೂಲೈಟ್‌ನಿಂದ ಪೋಸ್ಟ್‌ಗ್ರೆಸ್‌ಗೆ ಬಂದ ಮೇಲೆ ಕಾಲಂ ಹೆಸರುಗಳೇ ಬದಲಾಗಿವೆ, ಇದಕ್ಕೆ ಟೆಸ್ಟ್ ಬರೆಯೋದು ಹೇಗೆ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಸೊಸೈಟಿಗೆ ಅಡಿಕೆ ಖರೀದಿ ಲೆಕ್ಕದ ಪ್ರೋಗ್ರಾಂ ನೋಡಿಕೊಳ್ಳುತ್ತೇನೆ. ಪೈಥಾನ್‌ನಲ್ಲಿದೆ. ಇಲ್ಲಿಯವರೆಗೆ ಡೇಟಾಬೇಸ್ ಅಂತ ಎಸ್‌ಕ್ಯೂಲೈಟ್ ಸಾಕಾಗುತ್ತಿತ್ತು. ಒಂದೇ ಕಂಪ್ಯೂಟರ್, ಒಂದೇ ಫೈಲ್, ಮಳೆಗಾಲದಲ್ಲಿ ಕರೆಂಟೂ ನೆಟ್ಟೂ ಒಟ್ಟಿಗೆ ಕೈಕೊಟ್ಟರೂ ಯುಪಿಎಸ್ ಇರುವಷ್ಟು ಹೊತ್ತು ಕೆಲಸ ನಡೆಯುತ್ತಿತ್ತು. ಈಗ ಎರಡನೇ ಶಾಖೆ ಶುರುವಾಗಿದೆ, ಎರಡೂ ಕಡೆಯಿಂದ ಎಂಟ್ರಿ ಬೀಳಬೇಕು, ಹಾಗಾಗಿ ಪೋಸ್ಟ್‌ಗ್ರೆಸ್‌ಗೆ ಹೋದೆವು. ಡೇಟಾ ಎಲ್ಲ ಸರಿಯಾಗಿ ಬಂತು. ವರದಿ ಮಾತ್ರ ಕೆಟ್ಟಿದೆ.

ದಿನದ ವರದಿಯ ಕ್ವೆರಿ ದೊಡ್ಡದೇನಲ್ಲ. ಅಡಿಕೆಯ ಬಗೆ, ಸಮ್(ತೂಕ), ಸಮ್(ಮೊತ್ತ), ಕೊನೆಗೆ ಗ್ರೂಪ್ ಬೈ ಬಗೆ, ಅಂದರೆ ಬಗೆವಾರು ಒಟ್ಟು. ಟೇಬಲ್, ಕಾಲಂ ಎಲ್ಲ ನಿಜಕ್ಕೂ ಕನ್ನಡದಲ್ಲೇ ಇವೆ, ನನಗಿಂತ ಮುಂಚೆ ಬರೆದವರು ಹಾಗೆ ಇಟ್ಟಿದ್ದಾರೆ. ಎಸ್‌ಕ್ಯೂಲೈಟ್‌ನಲ್ಲಿ ಪ್ರತಿ ಸಾಲಿನಿಂದ 'ಸಮ್(ತೂಕ)' ಅನ್ನೋ ಕೀ ಕೊಟ್ಟರೆ ತೂಕ ಸಿಗುತ್ತಿತ್ತು, 'ಸಮ್(ಮೊತ್ತ)' ಕೊಟ್ಟರೆ ದುಡ್ಡು. ಪೋಸ್ಟ್‌ಗ್ರೆಸ್‌ನಲ್ಲಿ ಎರಡೂ ಕೀ ಇಲ್ಲ ಅಂತ ಎರರ್. ಸಾಲನ್ನು ಪ್ರಿಂಟ್ ಮಾಡಿ ನೋಡಿದರೆ 'ಸಮ್' ಅಂತ ಒಂದೇ ಒಂದು ಕೀ ಇದೆ, ಅದರಲ್ಲಿ ಮೊತ್ತ ಇದೆ, ತೂಕ ಎಲ್ಲಿ ಹೋಯಿತೋ ಗೊತ್ತಿಲ್ಲ! ಇನ್ನೊಂದು ಕಡೆ ತೂಕ*ದರ ಅಂತ ಇದ್ದದ್ದು '?ಕಾಲಂ?' ಅಂತ ಬಂದಿದೆ, ಎರಡು ಬದಿಗೂ ಪ್ರಶ್ನಾರ್ಥಕ ಚಿಹ್ನೆ ಸಮೇತ.

ಯಾವ ಡೇಟಾಬೇಸ್ ಯಾವ ಹೆಸರು ಕೊಡುತ್ತದೆ ಅನ್ನೋದಕ್ಕೆ ನಿಯಮ ಏನಾದರೂ ಇದೆಯಾ? ಇದ್ದರೆ ಎರಡಕ್ಕೂ ಬೇರೆ ಬೇರೆ ಟೆಸ್ಟ್ ಬರೆದು ಇಡೋಣ ಅಂತ ಯೋಚನೆ.

ಜಂಬಿಟ್ಟಿಗೆ:

ನಿಯಮ ಹುಡುಕಬೇಡಿ ಮಾರಾಯ್ರೆ, ಇಲ್ಲ. ಲೆಕ್ಕ ಮಾಡಿ ತೆಗೆದ ಕಾಲಂಗೆ ನೀವೇ ಹೆಸರು ಕೊಡದಿದ್ದರೆ ಅದರ ಹೆಸರು ಆಯಾ ಡೇಟಾಬೇಸ್‌ಗೆ ಬಿಟ್ಟದ್ದು ಅಂತ 1992ರ ಎಸ್‌ಕ್ಯೂಎಲ್ ಸ್ಟ್ಯಾಂಡರ್ಡ್‌ನಲ್ಲೇ ಇದೆ. ಎಸ್‌ಕ್ಯೂಲೈಟ್‌ನವರು ಇನ್ನೂ ನೇರವಾಗಿ ಬರೆದಿದ್ದಾರೆ: ಆಸ್ (ಕಾಲಂಗೆ ನಾವೇ ಹೆಸರು ಕೊಡೋ ಪದ) ಹಾಕದಿದ್ದರೆ ಬರುವ ಹೆಸರಿಗೆ ಗ್ಯಾರಂಟಿ ಇಲ್ಲ, ಒಂದು ಆವೃತ್ತಿಯಿಂದ ಮುಂದಿನದಕ್ಕೆ ಬದಲಾಗಬಹುದು. ಹೆಸರು ಹೇಗೆ ಬರಬೇಕು ಅಂತ ತಿರುಗಿಸೋ ಪ್ರಾಗ್ಮಾಗಳು, ಅಂದರೆ ಸೆಟ್ಟಿಂಗ್‌ಗಳು, ಅದರಲ್ಲಿ ಹಿಂದೆ ಇದ್ದವು, ಈಗಲೂ ಇವೆ, ಆದರೆ ಬಳಸಬೇಡಿ ಅಂತ ಅವರೇ ಹೇಳುತ್ತಾರೆ.

ನಿಮಗೆ ಆದದ್ದು ಇಷ್ಟೆ. ಎಸ್‌ಕ್ಯೂಲೈಟ್ ನೀವು ಟೈಪ್ ಮಾಡಿದ್ದನ್ನೇ ಎತ್ತಿ ಹೆಸರಾಗಿ ಇಡುತ್ತದೆ, ಮೈಎಸ್‌ಕ್ಯೂಎಲ್ ಕೂಡ ಹೆಚ್ಚುಕಮ್ಮಿ ಹಾಗೇ. ಪೋಸ್ಟ್‌ಗ್ರೆಸ್ ಫಂಕ್ಷನ್ ಹೆಸರನ್ನು ಮಾತ್ರ ಇಡುತ್ತದೆ. ಎರಡು ಸಮ್ ಇದ್ದರೆ ಎರಡು ಕಾಲಂಗೂ 'ಸಮ್' ಅಂತಲೇ ಹೆಸರು. ಡೇಟಾಬೇಸ್ ಎರಡನ್ನೂ ಕಳಿಸಿದೆ, ತೂಕ ಎಲ್ಲೂ ಕಳೆದಿಲ್ಲ. ನಿಮ್ಮ ಡ್ರೈವರ್ (ಪೈಥಾನನ್ನು ಡೇಟಾಬೇಸ್‌ಗೆ ಜೋಡಿಸೋ ಲೈಬ್ರರಿ) ಸಾಲನ್ನು ಡಿಕ್ಷನರಿ ಮಾಡುವಾಗ, ಒಂದು ಕೀಗೆ ಒಂದೇ ಜಾಗ ಇರೋದರಿಂದ, ಎರಡನೆಯದು ಮೊದಲನೆಯದರ ಮೇಲೆ ಕೂತಿದೆ. ಫಂಕ್ಷನ್ನೂ ಅಲ್ಲ, ಕಾಲಮ್ಮೂ ಅಲ್ಲ, ಬರೀ ಗುಣಾಕಾರ ಅಂದರೆ ಅದಕ್ಕೆ ಹೆಸರು ತೋಚೋದಿಲ್ಲ, ಆಗ ಆ ಪ್ರಶ್ನಾರ್ಥಕದ ಅವತಾರ. ಕೇಸ್ ಬರೆದರೆ ಇನ್ನೂ ತಮಾಷೆ. ಸುಮ್ನೆ 'ಕೇಸ್' ಅಂತ ಬರುತ್ತದೆ, ಆದರೆ ಎಲ್ಸ್‌ನಲ್ಲಿ ಒಂದು ಕಾಲಂ ಇಟ್ಟಿದ್ದರೆ ಆ ಕಾಲಂ ಹೆಸರೇ ಬರುತ್ತದೆ. ಇದನ್ನೆಲ್ಲ ನೆನಪಿಟ್ಟುಕೊಂಡು ಟೆಸ್ಟ್ ಬರೆಯೋದು ಅಂದರೆ ಅವರ ಮನೆ ಕೆಲಸ ನಾವು ಮಾಡಿದ ಹಾಗೆ.

ಪ್ರತಿ ಲೆಕ್ಕಕ್ಕೂ ಆಸ್ ಹಾಕಿ. ಆಸ್ ಒಟ್ಟು_ತೂಕ, ಆಸ್ ಒಟ್ಟು_ಮೊತ್ತ. ಆ ಹೆಸರುಗಳು ಬರುತ್ತವೆಯೋ ಇಲ್ಲವೋ ಅಂತ ಟೆಸ್ಟ್ ಬರೆಯಿರಿ. ಡೇಟಾಬೇಸ್ ಎರಡಿದ್ದರೂ ಟೆಸ್ಟ್ ಒಂದೇ, ಅದೇ ಪಟ್ಟಿ ಎರಡರ ಮೇಲೂ ಓಡಬೇಕು.

ಗಾಜನೂರು ಹಿನ್ನೀರು:

ಇಷ್ಟೆಲ್ಲ ಯಾಕೆ? ಹೆಸರು ಬಿಟ್ಟುಬಿಡಿ, ಸಾಲಿನಲ್ಲಿ 0, 1, 2 ಅಂತ ಜಾಗ ನೋಡಿ ತೆಗೆದುಕೊಳ್ಳಿ. ನಾನು ಯಾವತ್ತೂ ಹಾಗೇ ಮಾಡೋದು. ಯಾವ ಡೇಟಾಬೇಸ್ ಆದರೂ ತೊಂದರೆ ಇಲ್ಲ.

ಜಂಬಿಟ್ಟಿಗೆ:

ಒಬ್ಬರೇ ಬರೆದು ಒಬ್ಬರೇ ಓದುವ ಕೋಡ್ ಆದರೆ ಸರಿ. ಚೀಲದ ಮೇಲೆ ಬಗೆ ಬರೆಯದೆ ಗೋದಾಮಿಗೆ ಹಾಕಿ, ಎಡದಿಂದ ಮೂರನೆಯದು ಬೆಟ್ಟೆ ಅಂತ ನೆನಪಿಟ್ಟುಕೊಂಡ ಹಾಗಾಯಿತು ಅದು. ನಾಳೆ ಯಾರೋ ತೂಕಕ್ಕೂ ದರಕ್ಕೂ ನಡುವೆ ಚೀಲದ ಸಂಖ್ಯೆ ಅಂತ ಒಂದು ಕಾಲಂ ಸೇರಿಸುತ್ತಾರೆ. ಎರರ್ ಬರೋದಿಲ್ಲ, ಎಲ್ಲವೂ ಅಂಕಿಗಳೇ ಅಲ್ವಾ, ದರದ ಜಾಗದಲ್ಲಿ ಚೀಲದ ಸಂಖ್ಯೆ ಪ್ರಿಂಟ್ ಆಗಿ ರೈತರ ಕೈಗೆ ಹೋಗುತ್ತದೆ. ಹೆಸರು ತಪ್ಪಿದರೆ ಕನಿಷ್ಠ ಪ್ರೋಗ್ರಾಂ ಅಲ್ಲೇ ಬೀಳುತ್ತದೆ. ಇವರಿಗೂ ಹಾಗೆ ಬಿದ್ದದ್ದರಿಂದಲೇ ಗೊತ್ತಾಯಿತು.

ಗಾಜನೂರು ಹಿನ್ನೀರು:

ಸರಿ, ಆ ಮಾತು ಒಪ್ಪಿದೆ. ಆದರೆ ಆಸ್ ಹಾಕದ ಹೆಸರಿನ ಮೇಲೆ ಟೆಸ್ಟ್ ಬೇಡ ಅನ್ನೋದಕ್ಕೆ ನನ್ನ ಕಡೆಯಿಂದಲೂ ಒಂದು ಸೇರಿಸಿ. ನಮ್ಮ ಆಫೀಸಿನಲ್ಲಿ ಯಾರೋ ಎಸ್‌ಕ್ಯೂಎಲ್ ಫೈಲುಗಳನ್ನೆಲ್ಲ ಫಾರ್ಮ್ಯಾಟರ್‌ಗೆ ಕೊಟ್ಟರು, ಅಂದ ಮಾಡೋಕೆ. ತೂಕ*ದರ ಹೋಗಿ ತೂಕ * ದರ ಆಯಿತು, ನಡುವೆ ಎರಡು ಸ್ಪೇಸ್ ಜಾಸ್ತಿ. ಎಸ್‌ಕ್ಯೂಲೈಟ್ ಆ ಸ್ಪೇಸನ್ನೂ ಹೆಸರಿಗೆ ಸೇರಿಸಿತು. ಲೆಕ್ಕ ಒಂದಂಕಿ ಬದಲಾಗಿಲ್ಲ, ಟೆಸ್ಟ್‌ಗಳೆಲ್ಲ ಕೆಂಪು.

ಎರಡು ಟೇಬಲ್ ಸೇರಿಸೋ ಜಾಯಿನ್ ಇದ್ದರೂ ನೋಡಿಕೊಳ್ಳಿ. ಸದಸ್ಯರ ಟೇಬಲ್‌ನಲ್ಲೂ 'ಹೆಸರು', ಊರಿನ ಟೇಬಲ್‌ನಲ್ಲೂ 'ಹೆಸರು', ಮೇಲೆ ಎಲ್ಲ ಕಾಲಂ ತೆಗೆಯೋ ಸೆಲೆಕ್ಟ್ ಸ್ಟಾರ್. ಪೈಥಾನ್ ಜೊತೆ ಬರುವ ಎಸ್‌ಕ್ಯೂಲೈಟ್‌ನ ರೋ ಆಬ್ಜೆಕ್ಟ್ ಮೊದಲು ಸಿಕ್ಕ 'ಹೆಸರು' ಕೊಡುತ್ತದೆ. ಪೋಸ್ಟ್‌ಗ್ರೆಸ್‌ನ ಡ್ರೈವರ್ ಸೈಕೋಪಿಜಿಯಲ್ಲಿ ಡಿಕ್ಷನರಿ ಮಾಡಿಸಿದರೆ ಕೊನೆಯದು ಉಳಿಯುತ್ತದೆ. ಪಿಎಚ್‌ಪಿಯಲ್ಲೂ ಕೊನೆಯದೇ. ಅಂದರೆ ಅದೇ ಕ್ವೆರಿ, ಅದೇ ಡೇಟಾ, ಅಲ್ಲಿ ಮನುಷ್ಯನ ಹೆಸರು, ಇಲ್ಲಿ ಕೋಣಂದೂರು! ಇದರಲ್ಲಿ ಎರರ್ ಕೂಡ ಬರೋದಿಲ್ಲ.

ತುಂಗಾತೀರ:

ಇಬ್ಬರಿಗೂ ಥ್ಯಾಂಕ್ಸ್. ಎಲ್ಲದಕ್ಕೂ ಆಸ್ ಹಾಕಿದೆ, ಸೆಲೆಕ್ಟ್ ಸ್ಟಾರ್ ತೆಗೆದೆ, ಹೆಸರುಗಳ ಪಟ್ಟಿ ಹೋಲಿಸೋ ಟೆಸ್ಟ್ ಬರೆದೆ. ಎರಡು ಕಡೆಯೂ ಹೆಚ್ಚಿನವು ಪಾಸ್.

ಒಂದು ಮಾತ್ರ ತಲೆ ತಿನ್ನುತ್ತಿದೆ. ಬಗೆವಾರು ವರದಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಒಂದೊಂದಕ್ಕೆ ಒಂದೊಂದು ಕಾಲಂ. ಮೊದಲ ಮೂರು ಪಾಸ್, ಗೊರಬಲು ಫೇಲ್, ಎರಡು ಡೇಟಾಬೇಸ್‌ನಲ್ಲೂ. ಟೆಸ್ಟ್ ಹೇಳೋದು ನೋಡಿ: 'ಗೊರಬಲು' ಬೇಕಿತ್ತು, 'ಗೊರಬಲು' ಸಿಕ್ಕಿದೆ. ಅಕ್ಷರ ಅಕ್ಷರ ಇಟ್ಟು ನೋಡಿದೆ, ಎರಡೂ ಒಂದೇ.

ಅದರ ಜೊತೆ ಪೋಸ್ಟ್‌ಗ್ರೆಸ್‌ನಲ್ಲಿ ಮಾತ್ರ ಇನ್ನೊಂದು. 'ಈ_ವರ್ಷದ_ಒಟ್ಟು_ಗೊರಬಲು_ತೂಕ' ಅಂತ ಕೊಟ್ಟ ಕಾಲಂ ಕೊನೆಯ ಅಕ್ಷರ ಇಲ್ಲದೆ ಬರುತ್ತಿದೆ. ಗೊರಬಲಿಗೇ ಏನೋ ಗ್ರಹಚಾರ ಇದ್ದ ಹಾಗಿದೆ.

ಆಗುಂಬೆ ಘಾಟಿ:

ಗ್ರಹಚಾರ ಅಲ್ಲ, ಯೂನಿಕೋಡ್.

ಮೊದಲನೆಯದು. ಕಣ್ಣಿಗೆ ಒಂದೇ, ಒಳಗೆ ಬೇರೆ. 'ಗೊ' ಬರೆಯೋಕೆ ಎರಡು ದಾರಿ ಇವೆ. ಒಂದು, ಗ ಆದ ಮೇಲೆ ಒ ಕಾರದ ಚಿಹ್ನೆ ಇಡಿಯಾಗಿ ಒಂದೇ ಕೋಡ್. ಇನ್ನೊಂದು, ಗ ಆದ ಮೇಲೆ ಎ ಕಾರದ ಚಿಹ್ನೆ, ಅದರ ಮೇಲೆ ಊ ಕಾರದ ಚಿಹ್ನೆ, ಹೀಗೆ ಎರಡು ಕೋಡ್. ತೆರೆಯ ಮೇಲೆ ಎರಡೂ 'ಗೊ' ಅಂತಲೇ ಕಾಣುತ್ತವೆ. ಯೂನಿಕೋಡ್ ಪ್ರಕಾರ ಎರಡೂ ಸಮ, ಆದರೆ ಪೈಥಾನ್ ಸ್ಟ್ರಿಂಗ್ ಹೋಲಿಸುವಾಗ ಸಮ ಅಲ್ಲ, ಡೇಟಾಬೇಸ್‌ಗಳೂ ಕಾಲಂ ಹೆಸರನ್ನು ತಿದ್ದದೆ ಕೊಟ್ಟ ಹಾಗೇ ಇಟ್ಟುಕೊಳ್ಳುತ್ತವೆ. ರಾಶಿ, ಬೆಟ್ಟೆ, ಸರಕು ಇವುಗಳಲ್ಲಿ ಇಂಥ ಒಡೆಯುವ ಚಿಹ್ನೆ ಇಲ್ಲ, ಅದಕ್ಕೇ ಪಾಸ್. ಒ, ಓ, ಏ, ಐ, ಈ ಕಾರಗಳೆಲ್ಲ ಹೀಗೆ ಒಡೆಯುತ್ತವೆ, ಹಾಗಾಗಿ ನಿಮ್ಮಲ್ಲಿ 'ಖರೀದಿ' ಅಂತ ಕಾಲಂ ಇದ್ದರೆ ಅದನ್ನೂ ನೋಡಿ. ಹಳೇ ಫಾಂಟಿನಿಂದ ಯೂನಿಕೋಡ್‌ಗೆ ತಿರುಗಿಸಿದ ಫೈಲಿನಿಂದ ಕ್ವೆರಿ ಕಾಪಿ ಮಾಡಿದ್ದೀರಾ? ಒಡೆದ ರೂಪ ಸಾಮಾನ್ಯವಾಗಿ ಅಂಥ ಕಡೆಯಿಂದ ಬರುತ್ತದೆ. ಉದ್ದ ಎಣಿಸೋ ಪೈಥಾನ್‌ನ ಲೆನ್ ಕೊಟ್ಟು ನೋಡಿ, ಒಂದು 6 ಅನ್ನುತ್ತದೆ, ಇನ್ನೊಂದು 7.

ಮದ್ದು ಸುಲಭ. ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ನಾರ್ಮಲೈಸ್‌ಗೆ 'ಎನ್‌ಎಫ್‌ಸಿ' ಅಂತ ಕೊಟ್ಟರೆ ಎರಡೂ ಇಡಿ ರೂಪಕ್ಕೆ ಬರುತ್ತವೆ. ಆದರೆ ಟೆಸ್ಟ್ ಒಳಗೆ ನಾರ್ಮಲೈಸ್ ಮಾಡಿ ಹೋಲಿಸಬೇಡಿ, ಆಗ ಟೆಸ್ಟ್ ಪಾಸ್ ಆಗುತ್ತದೆ, ವರದಿ ಬೀಳುತ್ತದೆ. ಬಂದ ಹೆಸರು ಮೊದಲೇ ಎನ್‌ಎಫ್‌ಸಿ ರೂಪದಲ್ಲಿ ಇದೆಯಾ ಅಂತ ಕೇಳಬೇಕು, ಇಲ್ಲದಿದ್ದರೆ ಫೇಲ್ ಮಾಡಿ ಕ್ವೆರಿ ಫೈಲನ್ನೇ ತಿದ್ದಬೇಕು. ಕಣ್ಣಿಗೆ ಕಾಣದ ಗುರುತುಗಳೂ ಹೆಸರಿನಲ್ಲಿ ಸೇರಿಕೊಳ್ಳುತ್ತವೆ, ಸಾಫ್ಟ್‌ವೇರ್ ಅಂತ ಬರೆಯುವಾಗ ಟ್ ಆದ ಮೇಲೆ ಒತ್ತು ಬರದ ಹಾಗೆ ಹಾಕ್ತೀವಲ್ಲ, ಅದು. ಪೋಸ್ಟ್‌ಗ್ರೆಸ್‌ಗೂ ಎಸ್‌ಕ್ಯೂಲೈಟ್‌ಗೂ ಅದು ಹೆಸರಿನ ಇನ್ನೊಂದು ಅಕ್ಷರ ಅಷ್ಟೆ, ಕಮಕ್ ಕಿಮಕ್ ಅನ್ನೋದಿಲ್ಲ.

ಎರಡನೆಯದು. ಪೋಸ್ಟ್‌ಗ್ರೆಸ್‌ನಲ್ಲಿ ಹೆಸರಿಗೆ 63 ಬೈಟ್ ಮಿತಿ. ಅಕ್ಷರ ಅಲ್ಲ, ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದಲ್ಲಿ ಪ್ರತಿ ಅಕ್ಷರಕ್ಕೆ, ಪ್ರತಿ ಕಾಗುಣಿತದ ಚಿಹ್ನೆಗೆ, ಒತ್ತಿಗೆ ಮೊದಲು ಬರುವ ಹಲಂತಕ್ಕೂ ಮೂರು ಮೂರು. ಅಲ್ಲಿಗೆ ನಮಗೆ ಸಿಗೋದು 21 ಕೋಡ್ ಮಾತ್ರ. ನಿಮ್ಮ ಉದ್ದದ ಹೆಸರು ಎಣಿಸಿದೆ: ಕನ್ನಡದ ಕೋಡ್ 20, ಅಂದರೆ 60 ಬೈಟ್, ನಾಲ್ಕು ಅಂಡರ್‌ಸ್ಕೋರ್ ಸೇರಿ 64. ಒಂದೇ ಒಂದು ಬೈಟ್ ಜಾಸ್ತಿ! ಅಕ್ಷರವನ್ನು ಅರ್ಧಕ್ಕೆ ಕತ್ತರಿಸೋ ಹಾಗಿಲ್ಲವಲ್ಲ, ಹಾಗಾಗಿ ಇಡೀ 'ಕ' ತೆಗೆದಿದೆ. ಪೋಸ್ಟ್‌ಗ್ರೆಸ್‌ನ ಕಮಾಂಡ್ ಪ್ರೋಗ್ರಾಂ ಪಿಎಸ್‌ಕ್ಯೂಎಲ್‌ನಲ್ಲಿ ಓಡಿಸಿದರೆ ಕತ್ತರಿಸುತ್ತೇನೆ ಅಂತ ಒಂದು ನೋಟಿಸ್ ಕಾಣುತ್ತದೆ, ಪೈಥಾನ್‌ನಿಂದ ಓಡಿಸಿದರೆ ಅದನ್ನು ಯಾರೂ ನೋಡೋದಿಲ್ಲ. ಮೈಎಸ್‌ಕ್ಯೂಎಲ್ ಬೈಟ್ ಬದಲು ಅಕ್ಷರ ಎಣಿಸುತ್ತದೆ, ಟೇಬಲ್‌ನ ಕಾಲಂಗೆ 64, ಆಸ್ ಹಾಕಿ ಕೊಟ್ಟ ಅಲಿಯಾಸ್‌ಗೆ 256, ಅಲ್ಲಿ ಇಷ್ಟು ಇಕ್ಕಟ್ಟಿಲ್ಲ. ಹೆಸರನ್ನು ಯುಟಿಎಫ್-8ಕ್ಕೆ ಎನ್‌ಕೋಡ್ ಮಾಡಿ ಉದ್ದ 63 ದಾಟಬಾರದು ಅಂತ ಟೆಸ್ಟ್‌ನಲ್ಲಿ ಒಂದು ಸಾಲು ಹಾಕಿ. 'ಒಟ್ಟು' ತೆಗೆದರೂ ವರದಿಗೆ ನಷ್ಟ ಇಲ್ಲ.

ಒಂದು ಲಾಭ ಇದೆ. ಪೋಸ್ಟ್‌ಗ್ರೆಸ್ ಕೋಟ್ ಇಲ್ಲದ ಇಂಗ್ಲಿಷ್ ಹೆಸರನ್ನೆಲ್ಲ ಸಣ್ಣಕ್ಷರ ಮಾಡುತ್ತದೆ, ಒರಾಕಲ್ ದೊಡ್ಡಕ್ಷರ ಮಾಡುತ್ತದೆ. ಕನ್ನಡದಲ್ಲಿ ಆ ರಗಳೆ ಇಲ್ಲ.

ತುಂಗಾತೀರ:

ಹೌದು, 6 ಮತ್ತು 7! ಕ್ವೆರಿ ಫೈಲಿನಲ್ಲಿ ಒಡೆದ ರೂಪ ಇತ್ತು, ತಿದ್ದಿದೆ. 'ಒಟ್ಟು' ಕೂಡ ಹೋಯಿತು.

ಇನ್ನೊಂದು ಸಂಶಯ. ಖರೀದಿ ಇಲ್ಲದ ದಿನ, ಭಾನುವಾರ ಅಂತಿಟ್ಟುಕೊಳ್ಳಿ, ಎಕ್ಸೆಲ್ ಪೂರ್ತಿ ಖಾಲಿ ಬರುತ್ತದೆ, ತಲೆಸಾಲು ಕೂಡ ಇಲ್ಲ. ಇದೂ ಹೆಸರಿನದೇ ತೊಂದರೆನಾ?

ಜಂಬಿಟ್ಟಿಗೆ:

ಹೆಸರುಗಳನ್ನು ಮೊದಲ ಸಾಲಿನ ಕೀಗಳಿಂದ ತೆಗೆಯುತ್ತಿದ್ದೀರಿ ಅನ್ನಿಸುತ್ತದೆ. ಸಾಲೇ ಇಲ್ಲದಿದ್ದರೆ ಕೀ ಎಲ್ಲಿಂದ ಬರಬೇಕು? ಕ್ವೆರಿ ಓಡಿಸೋ ಕರ್ಸರ್‌ನ ಡಿಸ್ಕ್ರಿಪ್ಷನ್ ನೋಡಿ. ಡೇಟಾಬೇಸ್ ಡ್ರೈವರ್‌ಗಳಿಗೆ ಅಂತ ಇರುವ ಪೈಥಾನ್‌ನ ನಿಯಮ ಪೆಪ್ 249ರ ಪ್ರಕಾರ ಪ್ರತಿ ಕಾಲಂಗೆ ಏಳು ವಿವರ ಇರುತ್ತವೆ, ಮೊದಲನೆಯದೇ ಹೆಸರು. ಎಸ್‌ಕ್ಯೂಲೈಟ್‌ನಲ್ಲಿ ಉಳಿದ ಆರೂ ಖಾಲಿ, ಇರಲಿ, ನಮಗೆ ಬೇಕಾದದ್ದು ಹೆಸರು. ಸಾಲು ಸೊನ್ನೆ ಇದ್ದರೂ ಅದು ಸಿಗುತ್ತದೆ.

ಟೆಸ್ಟ್‌ಗೂ ಅದೇ ಅನುಕೂಲ. ಕ್ವೆರಿಯ ಕೊನೆಗೆ ಲಿಮಿಟ್ 0 (ಒಂದೂ ಸಾಲು ಬೇಡ ಅಂತ) ಹಾಕಿ ಓಡಿಸಿ, ಡೇಟಾ ತುಂಬಿಸೋ ಕೆಲಸ ಇಲ್ಲ, ಟೇಬಲ್ ಇದ್ದರೆ ಸಾಕು. ಆದರೆ ಲಿಮಿಟ್ ಹಾಕೋಕೆ ಅಂತ ಇಡೀ ಕ್ವೆರಿಯನ್ನು ಬ್ರ್ಯಾಕೆಟ್‌ನಲ್ಲಿ ಸುತ್ತಿ ಹೊರಗಡೆ ಸೆಲೆಕ್ಟ್ ಸ್ಟಾರ್ ಬರೆಯಬೇಡಿ. ಒಳಗೆ ಎರಡು 'ಹೆಸರು' ಇದ್ದರೆ ಎಸ್‌ಕ್ಯೂಲೈಟ್ ಎರಡನೆಯದನ್ನು 'ಹೆಸರು:1' ಅಂತ ಮಾಡಿ ಹೊರಗೆ ಕೊಡುತ್ತದೆ, ನೀವು ಹಿಡಿಯಬೇಕಾದ ಜೋಡಿ ಹೆಸರೇ ಮಾಯ.

ಗಾಜನೂರು ಹಿನ್ನೀರು:

ಒಂದರ ಕೆಳಗೊಂದು ಸೆಲೆಕ್ಟ್ ಕೂಡಿಸೋ ಯೂನಿಯನ್ ಇದ್ದರೆ ಆಸ್ ಹಾಕಬೇಕಾದ್ದು ಮೊದಲ ಸೆಲೆಕ್ಟ್‌ಗೆ, ಕೆಳಗಿನವಕ್ಕೆ ಹಾಕಿದರೆ ಲೆಕ್ಕಕ್ಕಿಲ್ಲ. ಆಮೇಲೆ ವರದಿ ಕ್ವೆರಿಗಳನ್ನು ಪೋಸ್ಟ್‌ಗ್ರೆಸ್‌ನಲ್ಲಿ ವ್ಯೂ (ಹೆಸರಿಟ್ಟು ಉಳಿಸಿದ ಕ್ವೆರಿ) ಮಾಡಿಬಿಡಿ. ಒಮ್ಮೆ ಮಾಡಿದ ವ್ಯೂನಲ್ಲಿ ಹೆಸರು ಬದಲಿಸಿ ಕ್ರಿಯೇಟ್ ಆರ್ ರಿಪ್ಲೇಸ್ ಕೊಟ್ಟರೆ ಅದು ಒಪ್ಪೋದಿಲ್ಲ, ಹೊಸ ಕಾಲಂ ಕೊನೆಗೆ ಸೇರಿಸೋಕೆ ಮಾತ್ರ ಬಿಡುತ್ತದೆ. ಎರಡು ಕಾಲಂಗೆ ಒಂದೇ ಹೆಸರಿದ್ದರೆ ವ್ಯೂ ಹುಟ್ಟೋದೇ ಇಲ್ಲ. ಅರ್ಧ ಟೆಸ್ಟ್ ಪುಕ್ಕಟೆ.

ತುಂಗಾತೀರ:

ವ್ಯೂ ಮಾಡಿದೆ, ಒಂದು ಒಪ್ಪಲಿಲ್ಲ. ನೋಡಿದರೆ ಬಾಕಿ ಪಟ್ಟಿಯಲ್ಲಿ 'ದಿನಾಂಕ' ಎರಡು ಸಲ ಇತ್ತು, ಒಂದು ಖರೀದಿಯದು, ಇನ್ನೊಂದು ಪಾವತಿಯದು. ಪ್ರಿಂಟ್‌ನಲ್ಲಿ ಇಷ್ಟು ದಿನ ಯಾವುದು ಬರುತ್ತಿತ್ತು ಅಂತ ಹಳೇ ಪಟ್ಟಿ ತೆಗೆದು ನೋಡಬೇಕು. ಸೋಮವಾರ ಸೊಸೈಟಿಗೆ ಹೋದಾಗ ಕೇಳುತ್ತೇನೆ.