ಲವ್–ರಿಮೂವ್ ಪ್ರಾಸ ಹೇಗಾಗುತ್ತದೆ?

ಎಲ್ಲರಿಗೂ ನಮಸ್ಕಾರ.

ಶೇಕ್ಸ್‌ಪಿಯರನ 116ನೇ ಸಾನೆಟ್ಟಿನ (ಹದಿನಾಲ್ಕು ಸಾಲಿನ ಪದ್ಯ) ಬಗ್ಗೆ ಒಂದು ಪ್ರಶ್ನೆ. 1609ರಲ್ಲಿ ಅಚ್ಚಾದ ಪದ್ಯ, ಇಂಗ್ಲೆಂಡಿನ ಮದುವೆಗಳಲ್ಲಿ ಈಗಲೂ ಓದುತ್ತಾರೆ. ಕಟ್ಟು ಗೊತ್ತಿರುವುದೇ: ನಾಲ್ಕು ಸಾಲಿನ ಮೂರು ಕಂತು, ಅದರಲ್ಲಿ ಸಾಲು ಬಿಟ್ಟು ಸಾಲಿಗೆ ಪ್ರಾಸ, ಕೊನೆಗೊಂದು ಜೋಡಿ ಸಾಲು.

ಮೈಂಡ್ಸ್–ಫೈಂಡ್ಸ್, ಮಾರ್ಕ್–ಬಾರ್ಕ್ ಎಲ್ಲ ಸಲೀಸು. (ಈ ಬಾರ್ಕ್ ನಾಯಿ ಬೊಗಳೋದಲ್ಲ, ಹಡಗು.) ತೊಡಕು ಲವ್–ರಿಮೂವ್, ಕಮ್–ಡೂಮ್, ಪ್ರೂವ್ಡ್–ಲವ್ಡ್ ಜೋಡಿಗಳದ್ದು. ಏಳರಲ್ಲಿ ಮೂರು ಕಿವಿಗೆ ಹೊಂದುವುದೇ ಇಲ್ಲ. ಅದೂ ಪದ್ಯ ಗಟ್ಟಿಯಾಗಿ ಮುಗಿಯಬೇಕಾದ ಕೊನೆಯ ಜೋಡಿಯಲ್ಲೇ!

ಇವು ಬರೀ ಕಣ್ಣಿನ ಪ್ರಾಸ, ಅಂದರೆ ಬರಹದಲ್ಲಿ ಮಾತ್ರ ಹೊಂದುವಂಥವು, ಅಂತ ಹೇಳಿ ಸುಮ್ಮನಾಗುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹಳಗನ್ನಡ ಪದ್ಯದಲ್ಲಿ ೞಕ್ಕೆ ಳ ಪ್ರಾಸವಾಗಿ ಬಂದರೆ ನಾವೇನು ಹೇಳುತ್ತೇವೆ? ಆ ಹೊತ್ತಿಗೆ ಎರಡರ ಉಚ್ಚಾರ ಬೆರೆತಿತ್ತು ಅಂತ ತಾನೇ? ಇಲ್ಲೂ ಹಾಗೇ. ಆಗ ಲವ್ ಅನ್ನುವುದು ‘ಲುವ್’ ಅನ್ನುವಂತೆ ಕೇಳುತ್ತಿತ್ತು. ಉತ್ತರ ಇಂಗ್ಲೆಂಡಿನ ಕಡೆ ಇವತ್ತಿಗೂ ಹೆಚ್ಚುಕಮ್ಮಿ ಹಾಗೇ ಅನ್ನುತ್ತಾರೆ. ಪ್ರೂವ್, ಮೂವ್‌ಗಳಿಗೂ ಆಗ ಹ್ರಸ್ವ ಉಚ್ಚಾರ ಇತ್ತು ಅಂತ ಹಳೆಯ ಉಚ್ಚಾರ ಅಭ್ಯಾಸ ಮಾಡಿದ ಡೇವಿಡ್ ಕ್ರಿಸ್ಟಲ್ ಹೇಳುತ್ತಾರೆ.

ಛಂದಸ್ಸೂ ಇಂಥದ್ದೇ ಸಾಕ್ಷಿ ಹೇಳುತ್ತದೆ. ಸಾಲಿಗೆ ಹತ್ತು ಸಿಲಬಲ್ (ಒಂದೊಂದು ಸ್ವರದ ಉಚ್ಚಾರದ ತುಂಡು), ಐದು ಕಡೆ ಒತ್ತು. ‘ಓ ನೋ, ಇಟ್ ಈಸ್ ಆನ್ ಎವರ್ ಫಿಕ್ಸ್ಡ್ ಮಾರ್ಕ್’ ಅಂತ ಈಗಿನಂತೆ ಓದಿದರೆ ಒಂಬತ್ತೇ ಸಿಗುತ್ತದೆ. ‘ಫಿಕ್ಸೆಡ್’ ಅಂತ ಬಿಡಿಸಿ ಓದಿದರೆ ಲೆಕ್ಕ ಸರಿ. ಶೇಕನ್–ಟೇಕನ್ ಸಾಲುಗಳಲ್ಲಿ ಮಾತ್ರ ಒತ್ತಿಲ್ಲದ ಹನ್ನೊಂದನೆಯದು ಬೇಕೆಂದೇ ಉಳಿದಿದೆ. ಅದು ರೂಢಿಯಲ್ಲಿದ್ದದ್ದೇ.

ನನ್ನ ತಕರಾರು ಈಗ ಕಮ್–ಡೂಮ್ ಒಂದರ ಮೇಲೆ. ಹಳೆಯ ಉಚ್ಚಾರದಲ್ಲಿ ಓದಿದರೂ ‘ಕುಮ್’ ಹ್ರಸ್ವ, ‘ಡೂಮ್’ ದೀರ್ಘ. ನಮ್ಮ ಲೆಕ್ಕದಲ್ಲಿ ಒಂದು ಸಿಂಹಪ್ರಾಸ (ಪ್ರಾಸದ ಅಕ್ಷರದ ಹಿಂದೆ ಹ್ರಸ್ವ), ಇನ್ನೊಂದು ಗಜಪ್ರಾಸ (ಹಿಂದೆ ದೀರ್ಘ). ಎರಡನ್ನೂ ಒಂದೇ ಪದ್ಯದಲ್ಲಿ ಕಟ್ಟಿದರೆ ಛಂದಸ್ಸಿನ ನಿಯಮ ಬರೆದ ನಮ್ಮ ಹಳೆಯ ಲಾಕ್ಷಣಿಕರು ಬಿಡುತ್ತಿದ್ದರಾ? ಆ ಕಾಲದ ಇಂಗ್ಲಿಷಿನಲ್ಲಿ ಇಂಥ ಹ್ರಸ್ವ–ದೀರ್ಘದ ಜೋಡಿಯನ್ನು ಪೂರ್ತಿ ಪ್ರಾಸ ಅಂತಲೇ ಎಣಿಸುತ್ತಿದ್ದರೋ, ಅಥವಾ ಕವಿಗೆ ಕೊಟ್ಟ ಸಲಿಗೆಯೋ?

ಇನ್ನೊಂದು: ಕ್ಲಾಸಿನಲ್ಲಿ ಗಟ್ಟಿಯಾಗಿ ಓದುವಾಗ ನಾನು ಫಿಕ್ಸೆಡ್ ಅಂತ ಬಿಡಿಸಿ ಓದುತ್ತೇನೆ, ಲವ್ ಅನ್ನು ಮಾತ್ರ ಈಗಿನಂತೆಯೇ ಬಿಡುತ್ತೇನೆ. ‘ಲುವ್’ ಅಂದರೆ ಹುಡುಗರು ನಕ್ಕುಬಿಡುತ್ತಾರೆ ಅಲ್ವಾ! ಇಂಗ್ಲಿಷ್ ಪಾಠ ಮಾಡುವ ಉಳಿದವರು ಹೇಗೆ ಓದುತ್ತೀರಿ?